ಬೆಳ್ಳಿಹಬ್ಬದ ದ್ರೌಪದಿ

ರಾಮನಗರ
೮ ಜನವರಿ ೧೯೭೮

ಗೆಳೆಯ ಮುನಿಶಾಮಯ್ಯನಿಗೆ,

ನಾಲ್ಕು ವರ್ಷದ ಮೇಲೆ ನನ್ನ ಕೈಬರಹ ಕಂಡು ನೀನು ಈ ಕಾಗದವನ್ನು ಒಲೆಗೆ ಹಾಕದೆ ಇದ್ದರೆ ಮುಂದಕ್ಕೆ ಓದು. ಇಲ್ಲಿ ನಾವೆಲ್ಲ ಬದುಕಿದ್ದೇವೆ. ರೇಷ್ಮೆ ಮಿಲ್ಲಿನ ಬಾಯ್ಲರು ಬದುಕಿದೆ, ಅದರ ಫಿಟ್ಟರ್ ಆದ ನಾನೂ ಬದುಕಿದ್ದೇನೆ. ಸತ್ತಿರುವುದು ಊರು.

ನಾವು ಕಟ್ಟಿದ ರಂಗಮಂದಿರ ನೆನಪಿದೆ ತಾನೆ? ಪಾಳಿ ಮುಗಿಸಿ, ಬೇಯಿಸಿದ ಹುಳದ ನಾತ ಮೈಗೆ ಮೆತ್ತಿಕೊಂಡೇ, ರಾಮದೇವರ ಬೆಟ್ಟದ ಬುಡದಿಂದ ಕಲ್ಲು ಸಾಗಿಸಿದೆವು. ಬೇಸಿನ್ ಸೆಕ್ಷನ್ನಿನ ಹೆಂಗಸರು ದಿನವೆಲ್ಲ ಬಿಸಿನೀರಿನಲ್ಲಿ ಗೂಡು ಬಿಚ್ಚಿ ಸುಕ್ಕಾದ ಕೈಯಲ್ಲೇ ಗಾರೆ ಕಲಸಿಕೊಟ್ಟರು. ಈಗ ಅಲ್ಲಿ ನಡೆಯುವುದು ಒಂದೇ ಕಾರ್ಯಕ್ರಮ, ಸನ್ಮಾನ. ಶಾಲು, ಪೇಟ, ಹಣ್ಣಿನ ಬುಟ್ಟಿ. ಹೋದ ತಿಂಗಳು ಚರಂಡಿಗೆ ಚಪ್ಪಡಿ ಹಾಕಿಸಿಕೊಡುತ್ತೇನೆ ಎಂದು ಮಾತು ಕೊಟ್ಟ ಒಬ್ಬನಿಗೆ ಸನ್ಮಾನ ಮಾಡಿದರು. ಚಪ್ಪಡಿ ಇನ್ನೂ ಬಂದಿಲ್ಲ. ಸನ್ಮಾನ ಮುಗಿಸಿ ಹೊರಗೆ ಬಂದವನು ಶಾಲು ಸಮೇತ ಅದೇ ಚರಂಡಿಗೆ ಬಿದ್ದ. ಎತ್ತಿದವನಿಗೆ ಮುಂದಿನ ತಿಂಗಳು ಸನ್ಮಾನ ಇರಬಹುದು.

ವಾಚನಾಲಯಕ್ಕೆ ಬಂದ ಪೇಪರು ಬಂದ ಗಳಿಗೆಯಲ್ಲೇ ಬೋಂಡಾ ಅಂಗಡಿಗೆ ಹೋಗುತ್ತದೆ. ಅಲ್ಲಿಗೆ ಹೋದರೆ ಎಣ್ಣೆಯ ಕಲೆಯ ನಡುವೆ ಅಷ್ಟಿಷ್ಟು ಸುದ್ದಿ ಓದಬಹುದು. ನಮ್ಮ ಕಲಾ ಸಂಘಕ್ಕೆ ಈಗ ಗೌರವಾಧ್ಯಕ್ಷ ಯಾರು ಗೊತ್ತೆ? ನೂಲಿನ ವ್ಯಾಪಾರಿ ದೊಡ್ಡಹನುಮಯ್ಯ. ಮಿಲ್ಲಿನ ನೂಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಅವನೇ ಕೊಳ್ಳುವುದರಿಂದ ಮ್ಯಾನೇಜರು ಅವನು ಕೆಮ್ಮಿದರೆ ನೀರು ತರುತ್ತಾನೆ. ಪುರಸಭೆ ಚುನಾವಣೆಗೆ ಬೇರೆ ನಿಲ್ಲುತ್ತಾನಂತೆ. ನಮ್ಮ ರಂಗಮಂದಿರದ ಮುಂದಿನ ಸಾಲಿನ ಬೆಂಚು ತೆಗೆಸಿ, ತನಗೆಂದು ಮನೆಯಿಂದ ಒಂದು ಸೋಫಾ ತಂದು ಹಾಕಿಸಿದ್ದಾನೆ. ಹಿಂದೆ ಕೂತವರಿಗೆ ರಂಗದ ಬದಲು ಅವನ ಬೋಳುತಲೆ ಕಾಣುತ್ತದೆ. ಥೂ.

ಇರಲಿ, ವಿಷಯಕ್ಕೆ ಬರುತ್ತೇನೆ. ನಮ್ಮ ಕಲಾ ಸಂಘಕ್ಕೆ ಈ ವರ್ಷ ಇಪ್ಪತ್ತೈದು ತುಂಬುತ್ತದೆ. ಯುಗಾದಿ ಹೊತ್ತಿಗೆ ಬೆಳ್ಳಿಹಬ್ಬ. ಜೂಜಿನಿಂದ ಹಿಡಿದು ಯುದ್ಧದವರೆಗೆ ಭಾರತದ ನಾಟಕ ಆಡಿಸುತ್ತೇವೆ. ಹಾರ್ಮೋನಿಯಂ ಮಾಸ್ತರಾಗಿ ನೀನೇ ಬರಬೇಕು. ಪಾತ್ರಗಳನ್ನು ಹರಾಜು ಹಾಕಬಾರದು ಎಂದು ನೀನು ಜಗಳವಾಡಿ ಮಿಲ್ಲನ್ನೂ ಊರನ್ನೂ ಬಿಟ್ಟು ಹೋದೆ. ಖರ್ಚು ನಡೆಯಬೇಕಲ್ಲ ಎಂದು ನಾನು ಹರಾಜು ಬೇಕೆಂದವರ ಪರವಾಗಿ ಕೈ ಎತ್ತಿದೆ. ಆ ಹಳೆಯ ಹುಣ್ಣನ್ನು ಈಗ ಕೆರೆಯುವುದು ಬೇಡ. ಬಾ.

ನಿನ್ನ
ಚೆಲುವಯ್ಯ
ಕಾರ್ಯದರ್ಶಿ, ಮಿಲ್ ಕಾರ್ಮಿಕರ ಕಲಾ ಸಂಘ


ಗುಡೇಮಾರನಹಳ್ಳಿ
೨೧ ಜನವರಿ ೧೯೭೮

ಚೆಲುವಯ್ಯ,

ಕಾಗದ ಒಲೆಗೆ ಹಾಕಲಿಲ್ಲ. ಜಗಲಿಯ ಮೇಲೆ ಇಟ್ಟಿದ್ದೆ, ಕರು ಬಂದು ಒಂದು ಮೂಲೆ ತಿಂದಿತು. ನೀನು ಕಾರ್ಯದರ್ಶಿ ಅನ್ನುವುದು ಆ ಮೂಲೆಯಲ್ಲಿ ಇದ್ದಿದ್ದರೆ ಚೆನ್ನಾಗಿತ್ತು.

ನಾನು ಬರುವುದಿಲ್ಲ. ಇಲ್ಲಿ ರಾಗಿ ಬಡಿದು ಮುಗಿದಿದೆ. ಸಂಜೆ ಊರ ಹುಡುಗರು ನಾಲ್ಕು ಜನ ಬರುತ್ತಾರೆ, ಹಾಡು ಹೇಳಿಕೊಡುತ್ತೇನೆ. ಇಬ್ಬರಿಗೆ ಶ್ರುತಿ ಇದೆ. ನಿಮ್ಮ ಊರಿನಲ್ಲಿ ಶ್ರುತಿ ಇರುವವನು ಪರದೆ ಎಳೆಯುತ್ತಾನೆ, ದುಡ್ಡು ಇರುವವನು ಹಾಡುತ್ತಾನೆ. ಆ ಕೂಗಿಗೆ ಹಾರ್ಮೋನಿಯಂ ನುಡಿಸಿ ನನ್ನ ಕಿವಿ ಸಾಕಷ್ಟು ಕೆಟ್ಟಿದೆ.

ಒಂದು ಮಾತು ಕೇಳುತ್ತೇನೆ. ನಿನಗೆ ಊರಿನ ಮೇಲೆ ಇಷ್ಟು ಅಸಹ್ಯ ಇದ್ದರೆ ಆ ಕಾರ್ಯದರ್ಶಿ ಕುರ್ಚಿಯಲ್ಲಿ ಯಾಕೆ ಕೂತಿದ್ದೀಯ?

ಮುನಿಶಾಮಯ್ಯ


ರಾಮನಗರ
೧೯ ಫೆಬ್ರವರಿ ೧೯೭೮

ಮುನಿಶಾಮಿ,

ನಿನ್ನ ಪ್ರಶ್ನೆಗೆ ಉತ್ತರ: ನಾನು ಎದ್ದರೆ ಆ ಕುರ್ಚಿಯಲ್ಲಿ ಒಬ್ಬ ಕಳ್ಳ ಕೂರುತ್ತಾನೆ. ಅದಕ್ಕೇ ಕೂತಿದ್ದೇನೆ.

ಹೋದ ಭಾನುವಾರ ಪಾತ್ರಗಳ ಹರಾಜು ನಡೆಯಿತು. ಗೂಡಿನ ಮಾರ್ಕೆಟ್ಟಿನಲ್ಲಾದರೂ ಗೂಡು ಗಟ್ಟಿ ಇದೆಯೇ ಎಂದು ಹಿಚುಕಿ ನೋಡಿ ಕೂಗುತ್ತಾರೆ. ಇಲ್ಲಿ ಗಂಟಲು ಹೇಗಿದೆ ಎಂದು ಒಬ್ಬನೂ ಕೇಳಲಿಲ್ಲ. ಕೃಷ್ಣನ ಪಾತ್ರ ಲೇಬರ್ ಕಂಟ್ರಾಕ್ಟರ್ ವೆಂಕಟಯ್ಯನಿಗೆ ಹೋಯಿತು. ಅವನ ಹೊಟ್ಟೆ ಅವನಿಗಿಂತ ಒಂದು ಗಳಿಗೆ ಮೊದಲೇ ರಂಗಕ್ಕೆ ಬರುತ್ತದೆ. ದನಿ ಕೇಳಿದರೆ ಒಡೆದ ಮಡಕೆಯೇ ವಾಸಿ. ಧರ್ಮರಾಯನ ಪಾತ್ರವನ್ನು ಕಳ್ಳಭಟ್ಟಿ ಮಾರುವವನೊಬ್ಬ ಹಿಡಿದ. ಭೀಷ್ಮನಿಗೆ ಯಾರೂ ಕೂಗಲಿಲ್ಲ, ಹಾಡು ಕಮ್ಮಿ, ಗಡ್ಡದಲ್ಲಿ ಮುಖ ಬೇರೆ ಕಾಣುವುದಿಲ್ಲ. ಅದು ನನಗೇ ಉಳಿಯಿತು.

ತಮಾಷೆ ಎಂದರೆ ದುಶ್ಶಾಸನನಿಗೆ ಪೈಪೋಟಿ ನಡೆಯಿತು. ಎಂದಾದರೂ ಕೇಳಿದ್ದೀಯಾ? ಕೊನೆಗೆ ದೊಡ್ಡಹನುಮಯ್ಯನ ಮಗ ಶಿವಸ್ವಾಮಿಗೆ ಆಯಿತು. ಬುಲೆಟ್ಟಿನಲ್ಲಿ ಬಂದು, ಎಲೆಅಡಿಕೆ ತುಂಬಿದ ಬಾಯಲ್ಲೇ ಕೂಗಿದ. "ಅಲ್ಲ ಕಣ್ಲಾ, ದುರ್ಯೋಧನನ್ನೇ ತಗೋಬಹುದಿತ್ತಲ್ಲ, ನಿಮ್ಮಪ್ಪನ್ತಾವ ಏನ್ ಕಮ್ಮಿ ಐತೆ?" ಎಂದು ಯಾರೋ ಕೇಳಿದರು. "ದುಶ್ಯಾಸನಂಗೆ ಮಾತು ಕಮ್ಮಿ, ಕೆಲ್ಸ ಜಾಸ್ತಿ ಕಣಣ್ಣ," ಎಂದ. ಅವನ ಹಿಂದೆ ನಿಂತಿದ್ದ ಪಟಾಲಂ ಹೋ ಎಂದು ನಕ್ಕಿತು.

ನೀನು ಬರುವುದಿಲ್ಲ ಎಂದ ಮೇಲೆ ಮಂಡ್ಯದಿಂದ ಒಬ್ಬ ಮಾಸ್ತರನನ್ನು ಗೊತ್ತು ಮಾಡಿದ್ದೇವೆ. ಅವನು ಯಾರು ಹೇಗೆ ಹಾಡಿದರೂ "ಭೇಷ್ ಸಾರ್" ಎನ್ನುತ್ತಾನೆ. ಹೀಗಾಗಿ ನಾಟಕದಲ್ಲಿ ಕೇಳುವಂಥದ್ದು, ನೋಡುವಂಥದ್ದು ಒಂದಾದರೂ ಇರಬೇಕಲ್ಲ. ನಿನ್ನ ತಂಗಿ ಸರಸಮ್ಮನನ್ನು ದ್ರೌಪದಿ ಪಾತ್ರಕ್ಕೆ ಕಳಿಸಿಕೊಡು. ಕಂಪನಿ ನಾಟಕದಲ್ಲಿ ಅವಳು ಕಂದಪದ್ಯ ಎತ್ತಿದರೆ ಸೋಡಾ ಮಾರುವವನೂ ನಿಂತು ಕೇಳುತ್ತಿದ್ದ. ಈ ಕೊಚ್ಚೆಯಲ್ಲಿ ಅದೊಂದಾದರೂ ಶುದ್ಧವಾಗಿರಲಿ. ನನ್ನ ಸಲುವಾಗಿ ಬೇಡ, ಗಾರೆ ಕಲಸಿದ ಆ ಹೆಂಗಸರ ಸಲುವಾಗಿ ಕಳಿಸು.

ಚೆಲುವಯ್ಯ


ಗುಡೇಮಾರನಹಳ್ಳಿ
೪ ಮಾರ್ಚ್ ೧೯೭೮

ಚೆಲುವಯ್ಯ,

ನಾನು ಬೇಡ ಅಂದೆ. ಸರಸಿ ಬರುತ್ತೇನೆ ಅನ್ನುತ್ತಾಳೆ. ಕಂಪನಿ ಮುಚ್ಚಿದ ಮೇಲೆ ಅವಳು ಬಣ್ಣ ಹಚ್ಚಿಲ್ಲ. ಹಿಟ್ಟು ತೊಳಸುವಾಗಲೂ ದ್ರೌಪದಿಯ ಮಾತು ಗುನುಗುತ್ತಿರುತ್ತಾಳೆ. ಅವಳಿಗೆ ಅದು ಹೊಟ್ಟೆಪಾಡು ಮಾತ್ರ ಅಲ್ಲ, ಅದು ನಿನಗೂ ಗೊತ್ತು.

ಆ ಹುಡುಗ ದುಶ್ಶಾಸನನೇ ಬೇಕು ಅಂತ ಯಾಕೆ ಕೂಗಿದ ಅಂತ ನನಗೆ ಅರ್ಥವಾಗಿದೆ. ನಿನಗೆ ಅರ್ಥವಾಗಿಲ್ಲ ಅಂತ ನಾನು ನಂಬುವುದಿಲ್ಲ. ಸರಸಿಗೆ ಹೇಳಿದೆ. "ಇಂಥೋರ್ನ ಕಂಪನೀಲಿ ಎಷ್ಟು ಜನಾನ ನೋಡಿಲ್ಲಣ್ಣ, ನಾಕು ದಿನ ತಾಲೀಮು ಕೊಟ್ರೆ ಸರಿಹೋಯ್ತಾರೆ," ಅಂದಳು. ಹಾಗಾದರೆ ತಾಲೀಮಿಗೆ ಅವನು ಬರಲೇಬೇಕು.

ಸೀರೆಯ ವಿಷಯ ಸರಿಯಾಗಿ ಕೇಳಿಸಿಕೋ. ಅವಳು ಉಟ್ಟ ಸೀರೆಯ ಮೇಲೆ ಏಳು ಸೀರೆ ಒಂದಕ್ಕೊಂದು ಗಂಟು ಹಾಕಿ ಸುತ್ತಿರುತ್ತಾಳೆ. ಏಳನೆಯದು ಹಸಿರು. ಹಸಿರು ಕಂಡ ತಕ್ಷಣ ದುಶ್ಶಾಸನ ದಣಿದು ಕೈಬಿಟ್ಟು ಬೀಳಬೇಕು, ಕೃಷ್ಣ ಬಂದು ಕೈ ಎತ್ತಿ ನಿಲ್ಲಬೇಕು, ಮಾಸ್ತರು ಸೀಟಿ ಊದಬೇಕು, ಪರದೆ ಬೀಳಬೇಕು. ಆ ಸೀನಿನಲ್ಲಿ ಯಾರ ಕೊರಳಿಗೂ ಹಾರ ಹಾಕುವ ಹಾಗಿಲ್ಲ. ನಿಮ್ಮಲ್ಲಿ ನಡು ನಾಟಕದಲ್ಲಿ ನೆಂಟರು ರಂಗ ಹತ್ತಿ ಬಂದು ಹಾರ ಹಾಕುವ ಚಾಳಿ ನನಗೆ ಗೊತ್ತು.

ಇದಕ್ಕೆಲ್ಲ ನೀನು ಹೊಣೆ ಹೊತ್ತರೆ ಕಳಿಸುತ್ತೇನೆ. ಸಂಘವನ್ನು ನಂಬಿ ಅಲ್ಲ.

ಮುನಿಶಾಮಯ್ಯ


ರಾಮನಗರ
೧೧ ಮಾರ್ಚ್ ೧೯೭೮

ಮುನಿಶಾಮಿ,

ಸರಸಮ್ಮ ನನಗೂ ತಂಗಿಯೇ. ನಮ್ಮ ಮನೆಯಲ್ಲೇ ಉಳಿಯಲಿ, ನಿನ್ನ ಅತ್ತಿಗೆ ನಾಗಲಕ್ಷ್ಮಮ್ಮ ಆಗಲೇ ಹಪ್ಪಳ ಒಣಗಿಸಿದ್ದಾಳೆ. ಸೀನಿನಲ್ಲಿ ಅವಳಿಂದ ಮಾರು ದೂರದಲ್ಲಿ ಭೀಷ್ಮನಾಗಿ ನಾನೇ ಕೂತಿರುತ್ತೇನೆ. ನಾನು ಕೂತಿರುವಾಗ ಅವಳ ಮೈಮೇಲೆ ಒಂದು ನೊಣ ಕೂರಲಿಕ್ಕೂ ಬಿಡುವುದಿಲ್ಲ. ಇದು ನನ್ನ ಮಾತು.

ಚೆಲುವಯ್ಯ


ರಾಮನಗರ
೧೬ ಏಪ್ರಿಲ್ ೧೯೭೮

ಮುನಿಶಾಮಿ,

ಸರಸಮ್ಮ ಊರು ತಲುಪಿ ಎಲ್ಲ ಹೇಳಿರುತ್ತಾಳೆ. ನಾಟಕದ ಮಾರನೆಯ ಬೆಳಿಗ್ಗೆ ನಾವು ಏಳುವ ಹೊತ್ತಿಗೆ ಅವಳು ಮಾಗಡಿ ಬಸ್ಸು ಹತ್ತಿಯಾಗಿತ್ತು, ನಾಗಲಕ್ಷ್ಮಮ್ಮ ಕೊಟ್ಟ ಕುಂಕುಮ ಅಲ್ಲೇ ಇತ್ತು. ಒಂದು ವಾರದಿಂದ ಪೆನ್ನು ಹಿಡಿಯುತ್ತೇನೆ, ಇಡುತ್ತೇನೆ. ನನ್ನ ಕಣ್ಣಾರೆ ಕಂಡದ್ದನ್ನು ನಾನೂ ಹೇಳಬೇಕು. ಈ ಊರಿನ ಮೇಲೆ ಉಗಿಯಲು ನನ್ನ ಬಾಯಲ್ಲಿ ಎಂಜಲು ಸಾಲದು.

ಶಿವಸ್ವಾಮಿ ತಾಲೀಮಿಗೆ ಎರಡು ಸಲ ಬಂದ. ಎರಡು ಸಲವೂ ಮೀಸೆ ತಿರುವಿ ಹೋದ. ನಾನು ಹೇಳಿದೆ, ಹಸಿರು ಕಂಡರೆ ಬಿಡಬೇಕು ಎಂದು. "ಆಯ್ತಣ್ಣ, ಸಿಗ್ನಲ್ಲು ತಾನೆ," ಎಂದ.

ಅವತ್ತು ಜನ ಕಿಕ್ಕಿರಿದಿದ್ದರು. ಮುಂದೆ ಜಮಖಾನದ ಮೇಲೆ ಮಿಲ್ಲಿನ ಹೆಂಗಸರು, ಅವರ ಮುಂದೆ ಸೋಫಾದಲ್ಲಿ ದೊಡ್ಡಹನುಮಯ್ಯ, ಪಕ್ಕದಲ್ಲಿ ಮ್ಯಾನೇಜರು. ಸರಸಮ್ಮ ಸಭೆಗೆ ಎಳೆತಂದ ದ್ರೌಪದಿಯಾಗಿ ನಿಂತು ಮೊದಲ ಪ್ರಶ್ನೆ ಕೇಳಿದಾಗ ಮಂದಿರವೆಲ್ಲ ಗಪ್ ಎಂದಿತು. ಎಂಥ ದನಿ! ಹಿಂದೆ ಕಡಲೆಕಾಯಿ ಸುಲಿಯುತ್ತಿದ್ದವರೂ ಕೈ ನಿಲ್ಲಿಸಿದರು. ನಮ್ಮ ಮಂದಿರ ಯಾಕಾಗಿ ಕಟ್ಟಿದೆವು ಎಂದು ನನಗೆ ಆಗ ಒಂದು ಗಳಿಗೆ ನೆನಪಾಯಿತು.

ಆಮೇಲೆ ಶಿವಸ್ವಾಮಿ ಎಳೆಯತೊಡಗಿದ. ಒಂದು ಸೀರೆ, ಎರಡು ಸೀರೆ, ಅವಳು ತಿರುಗುತ್ತಾ "ಕೃಷ್ಣಾ" ಎಂದು ಹಾಡುತ್ತಾ ಇದ್ದಳು. ಕೃಷ್ಣ ಎಲ್ಲಿ? ಕೃಷ್ಣ ಸೈಡ್‌ವಿಂಗಿನಲ್ಲಿ ನೆಂಟರ ಕೈಗೆ ಸಿಕ್ಕಿಬಿದ್ದಿದ್ದ. ಉಯ್ಯಂಬಳ್ಳಿಯಿಂದ ಒಂದು ಲಾರಿ ತುಂಬ ಬಂದಿದ್ದರು. ರಂಗದ ಮೇಲೆ ಹಾರ ಹಾಕುವ ಹಾಗಿಲ್ಲ ಎಂದು ನಾನು ಕಟ್ಟುನಿಟ್ಟು ಮಾಡಿದ್ದೆನಲ್ಲ, ಅದಕ್ಕೆ ಸೈಡಿನಲ್ಲೇ ಹಾಕತೊಡಗಿದರು. ಮೈಕಿನವನಿಗೆ ಹೆಸರಿನ ಚೀಟಿ ಕೊಟ್ಟಿದ್ದರು. ಸರಸಮ್ಮ "ಯಾರೂ ಇಲ್ಲವೇ ನನಗೆ" ಎಂದು ಎತ್ತಿದರೆ ಮೈಕು, "ಉಯ್ಯಂಬಳ್ಳಿ ಕೆಂಚಯ್ಯನವರು ಮತ್ತು ಕುಟುಂಬದವರಿಂದ ಶ್ರೀಕೃಷ್ಣ ಪಾತ್ರಧಾರಿಗಳಿಗೆ ಹೂವಿನ ಹಾರ" ಎನ್ನುತ್ತದೆ. ಅವಳು "ಕೃಷ್ಣಾ, ಬಾರಯ್ಯ" ಎಂದರೆ ಮೈಕು, "ಕೃಷ್ಣ ಪಾತ್ರಧಾರಿಗಳ ಭಾಮೈದುನರಿಂದ ಒಂದು ಉಂಗುರ" ಎನ್ನುತ್ತದೆ. ಜನ ನಗತೊಡಗಿದರು.

ಹಸಿರು ಸೀರೆ ಬಂತು. ಬಿಚ್ಚಿ ನೆಲಕ್ಕೆ ಬಿತ್ತು. ಶಿವಸ್ವಾಮಿ ಬೀಳಲಿಲ್ಲ. ಅವಳು ಉಟ್ಟಿದ್ದ ಸೀರೆಯ ಸೆರಗಿಗೆ ಕೈ ಹಾಕಿದ. ಸರಸಮ್ಮ ಮೆಲ್ಲಗೆ, "ಹಸ್ರು ಬಂತು, ಸಾಕು ಬುಡಪ್ಪ," ಎಂದಳು. ಮೇಲೆ ತೂಗುಹಾಕಿದ್ದ ಮೈಕು ಅದನ್ನೂ ಊರಿಗೆಲ್ಲ ಕೇಳಿಸಿತು. ಅವನು, "ಕೃಷ್ಣ ಇನ್ನೂ ಬಂದಿಲ್ವಲ್ಲಮ್ಮಿ," ಎಂದ. ಇಡೀ ಮಂದಿರ ಘೊಳ್ ಎಂದು ನಕ್ಕಿತು. ಅವನು ಎಳೆದ. ಮಂಡ್ಯದ ಮಾಸ್ತರು ಸೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಹಾರ್ಮೋನಿಯಂ ಬಾರಿಸುತ್ತಲೇ ಇದ್ದ. ನಿನ್ನ ತಂಗಿ ಲಂಗ ರವಿಕೆಯಲ್ಲಿ, ಎರಡು ಕೈ ಎದೆಗೆ ಅಡ್ಡ ಇಟ್ಟುಕೊಂಡು ನಿಂತಳು. ಶಿಳ್ಳೆ, ಕೇಕೆ. ಯಾರ್ಯಾರು ನಕ್ಕರು ಎಂದು ನಾನು ಒಬ್ಬೊಬ್ಬರ ಹೆಸರು ಹಿಡಿದು ಹೇಳಬಲ್ಲೆ. ಮ್ಯಾನೇಜರು ನಕ್ಕ. ದೊಡ್ಡಹನುಮಯ್ಯ ಸೋಫಾದ ತೋಳಿಗೆ ಬಡಿದು ಬಡಿದು ನಕ್ಕ. ಹೆಂಡತಿ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡವರು ನಕ್ಕರು. ಇವರನ್ನು ಮನುಷ್ಯರು ಎನ್ನಲೇ?

ನಾನು ಎದ್ದೆ, ಮುನಿಶಾಮಿ. ಭೀಷ್ಮನ ಗಡ್ಡ ಕಿತ್ತೆಸೆದು ಎದ್ದೆ. ಬೇಸಿನ್ ಸೆಕ್ಷನ್ನಿನ ಹಾಜಿರಾ ಕೂಡ ಜಮಖಾನದಿಂದ ಎದ್ದು ಬಂದು, ಶಿವಸ್ವಾಮಿಯ ಎದೆಗೆ ಕೈಕೊಟ್ಟು ತಳ್ಳಿ, ತನ್ನ ಚಾದರ ತೆಗೆದು ಸರಸಮ್ಮನಿಗೆ ಹೊದಿಸಿ ಒಳಗೆ ಕರೆದುಕೊಂಡು ಹೋದಳು.

ಇಷ್ಟೆಲ್ಲ ಆದ ಮೇಲೆ ಕೃಷ್ಣ ಬಂದ. ಹಾರ ಮೂಗಿನವರೆಗೆ ಇತ್ತು. ಖಾಲಿ ರಂಗದ ಮೇಲೆ, ನೆಲದಲ್ಲಿ ಬಿದ್ದ ಏಳು ಸೀರೆಗಳ ನಡುವೆ ನಿಂತು ಕೈ ಎತ್ತಿ, "ಅಂಜಬೇಡ ತಂಗೀ, ನಾ ಬಂದಿದ್ದೇನೆ," ಎಂದ. ಕಂಠಪಾಠ ಮಾಡಿದ್ದು, ಹೇಳದೆ ಬಿಡಲು ಮನಸ್ಸು ಬರಲಿಲ್ಲವೇನೋ. ಜನ ಚಪ್ಪಾಳೆ ಹೊಡೆದರು. ನಾಟಕ ಮುಂದುವರಿಯಿತು. ಕೊನೆಯಲ್ಲಿ ಸಹಜ ಅಭಿನಯಕ್ಕಾಗಿ ಶಿವಸ್ವಾಮಿಗೆ ಶಾಲು ಹೊದಿಸಿದರು.

ಅವತ್ತಿನಿಂದ ನನಗೆ ಅನ್ನ ಸೇರುತ್ತಿಲ್ಲ. ಸರಸಮ್ಮನಿಗೆ ಹೇಳು, ಈ ಊರಿನಲ್ಲಿ ಒಬ್ಬನಾದರೂ ಅವಳ ಪಾಲಿಗಿದ್ದಾನೆ ಎಂದು.

ಚೆಲುವಯ್ಯ


ಗುಡೇಮಾರನಹಳ್ಳಿ
೨೪ ಏಪ್ರಿಲ್ ೧೯೭೮

ಚೆಲುವಯ್ಯ,

ಸರಸಿ ಶನಿವಾರ ರಾಮನಗರಕ್ಕೆ ಬಂದು ಠಾಣೆಯಲ್ಲಿ ದೂರು ಕೊಟ್ಟಿದ್ದಾಳೆ. ನಾನೂ ಜೊತೆಗೆ ಬಂದಿದ್ದೆ. ನಿಮ್ಮ ಮನೆಗೆ ಬರಲಿಲ್ಲ.

ನಾಟಕದಲ್ಲಿ ಸೀರೆ ಎಳೆಯುವುದು ಇದ್ದದ್ದೇ ಅಲ್ಲವೇ ಅಂತ ಠಾಣೆಯವರು ಕೇಳುತ್ತಾರೆ. ಹಸಿರು ಕಂಡ ಮೇಲೆ ಬಿಡಬೇಕು ಅಂತ ಮಾತಾಗಿತ್ತು, ಅವಳು ಬಿಡು ಅಂತ ಬಾಯಿಬಿಟ್ಟು ಹೇಳಿದ ಮೇಲೂ ಎಳೆದ, ಇದನ್ನು ರಂಗದ ಮೇಲಿದ್ದ ಒಬ್ಬರು ಬಂದು ಹೇಳಬೇಕು. ಅಷ್ಟು ಹತ್ತಿರ ಇದ್ದವನು ನೀನು. ಆ ಮಾತನ್ನು ಅವನಿಗೆ ಹೇಳಿದವನೂ ನೀನೇ. ಬಂದು ಹೇಳು.

ಮುನಿಶಾಮಯ್ಯ


ರಾಮನಗರ
೧೪ ಮೇ ೧೯೭೮

ಗೆಳೆಯ ಮುನಿಶಾಮಯ್ಯನಿಗೆ,

ನಿನ್ನ ಕಾಗದ ಬಂದ ದಿನವೇ ನಾನು ಸಾಕ್ಷಿ ಹುಡುಕಲು ಹೊರಟೆ. ಕೇಳಿದರೆ ವಾಂತಿ ಬರಬೇಕು ನಿನಗೆ. ಎಲ್ಲರೂ ಆ ಹೊತ್ತಿನಲ್ಲಿ ಬೀಡಿ ಸೇದಲು ಹೊರಗೆ ಹೋಗಿದ್ದರಂತೆ. ಅಷ್ಟು ಜನ ಒಟ್ಟಿಗೆ ಬೀಡಿ ಸೇದಿದ್ದರೆ ಅವತ್ತು ಊರೇ ಹೊತ್ತಿಕೊಳ್ಳಬೇಕಿತ್ತು. ದುರ್ಯೋಧನನಿಗೆ ಕಿರೀಟ ಕಣ್ಣಿನ ಮೇಲೆ ಜಾರಿತ್ತಂತೆ. ಧರ್ಮರಾಯನನ್ನು ಕೇಳಿದೆ, "ಏನ್ಲಾ, ನೀನು ಅಲ್ಲೇ ಇದ್ಯಲ್ಲ?" ಎಂದು. "ಇದ್ದೆ ಕಣಣ್ಣ. ಆದ್ರೆ ತಲೆ ತಗ್ಗಿಸ್ಕೊಂಡು ಕೂರೋ ಪಾರ್ಟಲ್ವ ನಂದು, ನಂಗೇನ್ ಕಾಣ್ತದೆ?" ಎಂದ. ಕೃಷ್ಣನ ವಿಷಯ ಬಿಡು, ಅವನಿಗೆ ಈಗಲೂ ತಾನು ಹೊತ್ತಿಗೆ ಸರಿಯಾಗಿ ಬಂದೆ ಎಂದೇ ನಂಬಿಕೆ. ಉಂಗುರ ಹಾಕಿಕೊಂಡೇ ಓಡಾಡುತ್ತಾನೆ.

ಇಂಥ ಹೇಡಿಗಳ ಊರಿನಲ್ಲಿ ನ್ಯಾಯ ಕೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಇನ್ನು ನನ್ನ ವಿಷಯ. ನಮ್ಮ ಮಗಳು ಗೌರಿ ಎಸ್ಸೆಸ್ಸೆಲ್ಸಿ ಪಾಸಾಗಿ ಎರಡು ವರ್ಷ ಮನೆಯಲ್ಲೇ ಕೂತಿರುವುದು ನಿನಗೆ ಗೊತ್ತಿಲ್ಲದಿರಬಹುದು. ಮಿಲ್ಲಿನ ಆಫೀಸಿನಲ್ಲಿ ಟೈಪಿಸ್ಟ್ ಕೆಲಸಕ್ಕೆ ಅವಳ ಹೆಸರು ಇದೆ. ಮ್ಯಾನೇಜರು ಮೊನ್ನೆ ನನ್ನನ್ನು ಕರೆದು ಕೂರಿಸಿ, ಕಾಫಿ ತರಿಸಿ, "ಚೆಲುವಯ್ಯನವರೆ, ಸಂಘದ ಮಾನ ನಿಮ್ಮ ಕೈಲಿದೆ," ಎಂದ. ಇಪ್ಪತ್ತು ವರ್ಷದಲ್ಲಿ ಅವನ ರೂಮಿನಲ್ಲಿ ನಾನು ಕೂತದ್ದು ಅದೇ ಮೊದಲು. ಕಾಫಿ ಬೇಕಿರಲಿಲ್ಲ. ಆದರೂ ಕುಡಿದೆ. ನಾನು ಠಾಣೆಗೆ ಹೋದೆ ಎಂದು ಗೊತ್ತಾದರೆ ಆ ಹುಡುಗಿಯ ಕಥೆ ಮುಗಿದಂತೆ. ನಾನು ಹೆದರಿ ಹೇಳುತ್ತಿಲ್ಲ. ನಾನೂ ಹೊರಬಿದ್ದರೆ ಒಳಗಿದ್ದು ಈ ಖದೀಮರನ್ನು ಕೇಳುವವರು ಯಾರು, ನೀನೇ ಹೇಳು.

ಕಮಿಟಿಯಲ್ಲಿ ನಾನು ಗುದ್ದಾಡಿ ಒಂದು ತೀರ್ಮಾನ ಮಾಡಿಸಿದ್ದೇನೆ. ಆಗಸ್ಟ್ ಹದಿನೈದಕ್ಕೆ ಸರಸಮ್ಮನನ್ನು ಕರೆಸಿ ಅದೇ ರಂಗದ ಮೇಲೆ ಸನ್ಮಾನ ಮಾಡುತ್ತಾರೆ. "ಅಭಿನಯ ಶಾರದೆ" ಎಂದು ಬಿರುದು. ಮಿಲ್ಲಿನಿಂದ ಒಂದು ಜರಿ ಸೀರೆ. ದೊಡ್ಡಹನುಮಯ್ಯನೇ ಕೊಡುತ್ತಾನೆ, ಮಗ ಕೈಮುಗಿದು ನಿಲ್ಲುತ್ತಾನೆ. ಅವನಂಥವನು ಅಷ್ಟು ಬಗ್ಗುವುದೇ ದೊಡ್ಡದು. ಮೊದಲು ಅವಳು ದೂರು ವಾಪಸು ತೆಗೆದುಕೊಳ್ಳಬೇಕು. ನನಗೂ ಇದೆಲ್ಲ ಅಸಹ್ಯವೇ, ಆದರೆ ಊರಲ್ಲಿ ಬಾಳುವವನು ಕೆಲವನ್ನು ನುಂಗಬೇಕಾಗುತ್ತದೆ. ನೀನು ಬುದ್ಧಿ ಹೇಳು, ನಿನ್ನ ಮಾತು ಕೇಳುತ್ತಾಳೆ.

ಹಾಜಿರಾಳಿಗೂ ಹೇಳಿ ನೋಡಿದೆ, ಸುಮ್ಮನಿರು ಎಂದು. ನನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ ಗೂಡಿನ ಬೇಸಿನ್ ಕಡೆ ತಿರುಗಿಕೊಂಡಳು. ಈ ಊರಿನಲ್ಲಿ ಒಳ್ಳೆಯದು ಹೇಳಿದರೂ ತಪ್ಪು.

ನಿನ್ನ
ಚೆಲುವಯ್ಯ


ಗುಡೇಮಾರನಹಳ್ಳಿ
೧೧ ಜೂನ್ ೧೯೭೮

ಚೆಲುವಣ್ಣನವರಿಗೆ ಸರಸಮ್ಮ ಮಾಡುವ ನಮಸ್ಕಾರ.

ನಿಮ್ಮ ಕಾಗದಗಳನ್ನು ನಮ್ಮಣ್ಣ ನನಗೆ ಓದಲು ಕೊಟ್ಟ. ಉತ್ತರ ಬರೆಯುವುದಿಲ್ಲ ಎಂದ. ನಾನು ಬರೆಯುತ್ತೇನೆ ಎಂದೆ.

ಅತ್ತಿಗೆ ನನ್ನನ್ನು ಚೆನ್ನಾಗಿ ನೋಡಿಕೊಂಡರು, ಅದನ್ನು ಮರೆತಿಲ್ಲ. ಅವತ್ತು ಹೇಳದ ಹಾಗೆ ಬಂದದ್ದು ಅವರ ಮೇಲಿನ ಸಿಟ್ಟಿಗಲ್ಲ ಎಂದು ಹೇಳಿ.

ಬಿರುದು ಬೇಡ, ಸೀರೆಯೂ ಬೇಡ. ಅದೇ ರಂಗದ ಮೇಲೆ ನನ್ನನ್ನು ನಿಲ್ಲಿಸಿ, ಅದೇ ಅಪ್ಪ ಮಗನ ಕೈಯಿಂದ ಸೀರೆ ಕೊಡಿಸುವ ಯೋಚನೆ ಹೊಳೆಯಿತಲ್ಲ, ಅದನ್ನು ತೀರ್ಮಾನ ಮಾಡಿಸಿದೆ ಎಂದು ನೀವು ಬರೆದಿರಲ್ಲ, ಆ ಸಾಲನ್ನು ನಾನು ಎರಡು ಸಲ ಓದಿದೆ. ದೂರು ವಾಪಸು ತೆಗೆದುಕೊಳ್ಳುವುದಿಲ್ಲ. ಮುಂದಿನ ವಾರ ಮಾಗಡಿಯ ಹತ್ತಿರ ಒಂದು ನಾಟಕಕ್ಕೆ ಕರೆದಿದ್ದಾರೆ, ಅದೇ ಪಾತ್ರ. ಹೋಗುತ್ತೇನೆ. ಯಾವನೋ ಒಬ್ಬನ ಕೈ ಕೊಳಕು ಎಂದು ನಾನು ಯಾಕೆ ನನ್ನ ಪಾತ್ರ ಬಿಡಬೇಕು?

ನಿಮ್ಮ ಕಾಗದಗಳಲ್ಲಿ ಎಲ್ಲರನ್ನೂ ಬೈದಿದ್ದೀರಿ. ಓದಿದರೆ ಆ ಊರಿನಲ್ಲಿ ಅಸಹ್ಯಪಡುವವರು ನೀವೊಬ್ಬರೇ ಎನ್ನಿಸುತ್ತದೆ. ಅದಕ್ಕೇ ಒಂದು ವಿಷಯ ಹೇಳಬೇಕಾಗಿದೆ, ಹೇಳದೆ ಇಟ್ಟುಕೊಂಡರೆ ನನಗೆ ಸಮಾಧಾನ ಇಲ್ಲ.

ನೀವು ಎದ್ದಿರಿ, ನಿಜ. ಹಾಜಿರಕ್ಕ ಚಾದರ ಹೊದಿಸಿದ ಮೇಲೆ ಎದ್ದಿರಿ. ಅದಕ್ಕೆ ಮೊದಲು, ಅವನು ನನ್ನ ಸೆರಗಿಗೆ ಕೈ ಹಾಕಿದಾಗ, ನಾನು ಬಿಡು ಎಂದು ಹೇಳಿ ನಿಮ್ಮ ಕಡೆಯೇ ತಿರುಗಿದೆ. ನೀವು ಮಾರು ದೂರದಲ್ಲಿ ಕೂತಿದ್ದಿರಿ. ಅಣ್ಣನಿಗೆ ಮಾತು ಕೊಟ್ಟವರು ನೀವು, ನಿಮ್ಮನ್ನು ಬಿಟ್ಟರೆ ನನಗೆ ಅಲ್ಲಿ ಯಾರೂ ಗೊತ್ತಿರಲಿಲ್ಲ. ಆಗ ನೀವು ನನ್ನ ಕಡೆ ನೋಡುತ್ತಿರಲಿಲ್ಲ. ಸೋಫಾದ ಕಡೆ ನೋಡುತ್ತಿದ್ದಿರಿ. ದೊಡ್ಡಹನುಮಯ್ಯ ನಗುತ್ತಿದ್ದ. ಅವನು ನಗುವುದನ್ನು ನೋಡಿ ನೀವೂ ನಕ್ಕಿರಿ.

ಗಡ್ಡದೊಳಗೆ ಯಾರಿಗೂ ಕಾಣಲಿಲ್ಲ ಎಂದುಕೊಂಡಿರಬಹುದು. ಇಪ್ಪತ್ತು ವರ್ಷ ಬಣ್ಣ ಹಚ್ಚಿದವಳು ನಾನು. ಗಡ್ಡದ ಹಿಂದೆ ನಗುವವರ ಕೆನ್ನೆ ನನಗೆ ಗೊತ್ತು. ಸಂತೋಷಕ್ಕೆ ನಕ್ಕಿರಿ ಎಂದು ನಾನು ಹೇಳುವುದಿಲ್ಲ. ಯಜಮಾನರು ನಕ್ಕರು, ನಿಮ್ಮ ಮುಖವೂ ತಾನಾಗಿ ನಕ್ಕಿತು. ನಿಮಗೆ ಗೊತ್ತಾಗದೇ ಇದ್ದಿರಬಹುದು. ಆದರೆ ಅವನು ನನ್ನ ಸೀರೆಯನ್ನು ಪೂರ್ತಿ ಎಳೆದದ್ದು ಆಮೇಲೆ. ಚೆಲುವಣ್ಣ, ಅವನು ಎಳೆಯುವ ಮೊದಲು ಸುತ್ತ ಒಂದು ಸಲ ನೋಡಿದ. ಯಾರಾದರೂ ಬೇಡ ಅನ್ನುತ್ತಾರೇನೋ ಎಂದು ನೋಡಿದ. ನಿಮ್ಮನ್ನೂ ನೋಡಿದ.

ಮೊನ್ನೆ ನಾನು ಹಾಜಿರಕ್ಕನ ಜೊತೆ ಮತ್ತೆ ಠಾಣೆಗೆ ಹೋಗಿದ್ದೆ. ಮಿಲ್ಲಿನಲ್ಲಿ ಅರ್ಧ ದಿನ ರಜೆ ಕೊಡುವುದಿಲ್ಲ ಎಂದರೂ ಬಂದಳು. ನೋಡಿದ್ದನ್ನೆಲ್ಲ ಹೇಳಿ ಹೆಬ್ಬೆಟ್ಟು ಒತ್ತಿದಳು. ನಾವಿಬ್ಬರೂ ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿದೆವು. "ನಿಂಗೇನ್ ಭಯ ಇಲ್ವಾ ಅಕ್ಕ, ಕೆಲ್ಸ ಹೋದ್ರೆ?" ಎಂದು ಕೇಳಿದೆ. "ಐತೆ, ಯಾಕಿಲ್ಲ," ಎಂದಳು.

ಠಾಣೆಯಲ್ಲಿ ಬರೆದುಕೊಳ್ಳುವವರು ನನ್ನನ್ನು ಎರಡು ಪ್ರಶ್ನೆ ಕೇಳಿದರು. ಹತ್ತಿರದಿಂದ ನೋಡಿದವರು ಯಾರು, ನಿಮ್ಮ ಪರ ಹೇಳುವವರು ಯಾರು ಎಂದು ಒಂದು. ಆ ಹೊತ್ತಿನಲ್ಲಿ ನಕ್ಕು ಅವನಿಗೆ ಕುಮ್ಮಕ್ಕು ಕೊಟ್ಟವರು ಯಾರು ಎಂದು ಇನ್ನೊಂದು. ಎರಡನೆಯದಕ್ಕೆ ನಿಮ್ಮ ಹೆಸರು ಹೇಳಿದ್ದೇನೆ, ಮ್ಯಾನೇಜರ ಹೆಸರಿನ ಕೆಳಗೆ ಬರೆದುಕೊಂಡಿದ್ದಾರೆ. ಮೊದಲನೆಯದಕ್ಕೆ ಹಾಜಿರಕ್ಕನ ಹೆಸರು ಹೇಳಿದೆ, ನಿಮ್ಮ ಹೆಸರು ಹೇಳಲು ನನಗೆ ಬಾಯಿ ಬರಲಿಲ್ಲ. ಅದನ್ನು ನೀವೇ ಹೋಗಿ ಬರೆಸಬೇಕು. ಠಾಣೆ ನಿಮ್ಮ ಮನೆಯಿಂದ ದೂರ ಇಲ್ಲ.

ಇಂತಿ
ಸರಸಮ್ಮ